ದಾವಣಗೆರೆಯ ಹಳೇ ಬ್ಯಾಂಡುಗಳ ರೆಕಾರ್ಡಿಂಗ್: ಹುಡುಕುವುದು, ಇಳಿಸಿಕೊಳ್ಳುವುದು, ಬರೆದಿಡುವುದು

ದಾವಣಗೆರೆ, ಚಿತ್ರದುರ್ಗದಂಥ ಊರುಗಳಲ್ಲಿ ಕಾಲೇಜಿನವರು ಕಟ್ಟಿಕೊಂಡ ರಾಕ್, ಮೆಟಲ್ ಬ್ಯಾಂಡುಗಳ ಹಾಡು ಯಾವ ಕ್ಯಾಸೆಟ್ ಕಂಪನಿಯ ಗೋದಾಮಿನಲ್ಲೂ ಸಿಗುವುದಿಲ್ಲ. ಉಳಿದಿದ್ದರೆ ಒಂದೋ ಎರಡೋ ಕಾಪಿ, ಅದೂ ಬೇಸ್ ಬಾರಿಸುತ್ತಿದ್ದವರ ಅಕ್ಕನ ಮನೆಯ ಬೀರುವಿನಲ್ಲಿ. ಟೇಪು ಮೂವತ್ತು ವರ್ಷ ತಡೆಯುತ್ತದೆ. ಅದರಲ್ಲಿ ಹಾಡಿದವರು ಯಾರು, ಎಲ್ಲಿ ರೆಕಾರ್ಡ್ ಮಾಡಿದ್ದು ಅನ್ನುವ ನೆನಪು ಅಷ್ಟು ಕಾಲ ತಡೆಯುವುದಿಲ್ಲ. ಹೆಸರು ಗೊತ್ತಿಲ್ಲದ ಟೇಪನ್ನು ಎಷ್ಟು ಚೆನ್ನಾಗಿ ಕಂಪ್ಯೂಟರಿಗೆ ಇಳಿಸಿದರೂ ಹತ್ತು ವರ್ಷದ ಮೇಲೆ ಕೇಳಿದವರಿಗೆ ಅದು ಬರೀ ಗದ್ದಲ. ಹಾಗಾಗಿ ಕ್ಯಾಸೆಟ್ ಓಡಿಸುವ ಡೆಕ್ ಹುಡುಕುವ ಮೊದಲು ಒಂದು ಉದ್ದನೆಯ ನೋಟ್‌ಬುಕ್ ತೆಗೆಯಿರಿ.

ಪಟ್ಟಿ: ಸಿಕ್ಕಿದ್ದು, ಸಿಗದಿದ್ದು ಎರಡೂ

ಒಂದು ರೆಕಾರ್ಡಿಂಗಿಗೆ ಒಂದು ಪುಟ. ಬ್ಯಾಂಡಿನ ಹೆಸರು (ಎರಡು ಸಲ ಬದಲಾಗಿದ್ದರೆ ಎರಡೂ), ಯಾರು ಏನು ಬಾರಿಸಿದರು, ಎಲ್ಲಿ ರೆಕಾರ್ಡ್ ಆಯಿತು, ಯಾವ ಯಂತ್ರದಲ್ಲಿ, ಹಾಡುಗಳ ಪಟ್ಟಿ, ಸ್ವಂತದ್ದು ಯಾವುದು, ಬೇರೆಯವರ ಹಾಡು ಯಾವುದು, ಎಷ್ಟು ಕಾಪಿ ಹೊರಟವು, ಈಗ ಯಾರ ಹತ್ತಿರ ಇದೆ. ಪ್ರತಿ ಸಾಲಿನ ಪಕ್ಕ ಈ ಮಾತು ಹೇಳಿದವರು ಯಾರು ಎಂದು ಬರೆಯಿರಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆದುಕೊಳ್ಳಿ. ನೀವೇ ನ್ಯಾಯ ತೀರಿಸಲು ಹೋಗಬೇಡಿ.

ಟೇಪು ಕಳೆದುಹೋಗಿದ್ದರೂ ಅದಕ್ಕೊಂದು ಪುಟ ಇರಲೇಬೇಕು. ‘ಹಾಸ್ಟೆಲಿನಲ್ಲಿ ಒಂದು ಡೆಮೋ ಮಾಡಿದ್ವಿ, ಮೂರು ಹಾಡು, ಆಮೇಲೆ ಅದರ ಮೇಲೇ ಸಿನಿಮಾ ಹಾಡು ತುಂಬಿಸಿದರು’ ಅಂತ ಯಾರಾದರೂ ಹೇಳಿದರೆ ಅದೂ ಒಂದು ದಾಖಲೆ. ಈ ಪುಟ ಇಲ್ಲದಿದ್ದರೆ ನಾಳೆ ಆ ಕ್ಯಾಸೆಟ್ಟಿನ ಇನ್ನೊಂದು ಕಾಪಿ ಸಿಕ್ಕಾಗ ಅದು ಇದೇ ಎಂದು ಯಾರಿಗೂ ಗೊತ್ತಾಗುವುದಿಲ್ಲ.

‘ಯಾವ ಇಸವಿ?’ ಎಂದು ನೇರ ಕೇಳಿದರೆ ತಪ್ಪು ಉತ್ತರವೇ ಜಾಸ್ತಿ. ಯಾವ ಸೆಮಿಸ್ಟರ್, ಯಾವ ವರ್ಲ್ಡ್ ಕಪ್ಪಿನ ಆಚೆ ಈಚೆ (1996, 1999, 2003), ದುಗ್ಗಮ್ಮನ ಜಾತ್ರೆ ಇದ್ದ ವರ್ಷವೋ ಇಲ್ಲದ ವರ್ಷವೋ ಎಂದು ಕೇಳಿ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಈ ಒಂದು ಪ್ರಶ್ನೆಗೇ ಅರ್ಧದಷ್ಟು ಇಸವಿಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ. ಕಾಗದಗಳೂ ಮಾತಾಡುತ್ತವೆ. ಪೋಸ್ಟರಿನಲ್ಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ ಅದು ಹೆಚ್ಚಾಗಿ 1997ರ ಆಗಸ್ಟ್ 15ಕ್ಕಿಂತ ಹಿಂದಿನದು, ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು ಆ ದಿನ. ಫೆಸ್ಟಿನ ಸರ್ಟಿಫಿಕೇಟಿನಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹೆಸರಿದ್ದರೆ 1998 ಅಥವಾ ಆಮೇಲಿನದು. ದಾವಣಗೆರೆ ವಿಶ್ವವಿದ್ಯಾಲಯ ಎಂದಿದ್ದರೆ 2009ಕ್ಕಿಂತ ಹಿಂದೆ ಹೋಗಲು ಸಾಧ್ಯವೇ ಇಲ್ಲ.

ಎಲ್ಲಿ ಕೇಳಬೇಕು

ಹಾಡುಗಾರರಿಂದ ಶುರು ಮಾಡುವುದು ಎಲ್ಲರ ಅಭ್ಯಾಸ. ಆದರೆ ಕ್ಯಾಸೆಟ್ಟು ಉಳಿಯುವುದು ಬೇರೆಯವರ ಹತ್ತಿರ: ಟೂ-ಇನ್-ಒನ್ (ರೇಡಿಯೋ ಕೂಡಿದ ಟೇಪ್ ರೆಕಾರ್ಡರ್) ಯಾರದ್ದಿತ್ತೋ ಅವರು, ಪ್ರಾಕ್ಟೀಸಿಗೆ ಮನೆಯ ಮಹಡಿ ಬಿಟ್ಟುಕೊಟ್ಟವರು, ಹಾಸ್ಟೆಲಿನ ಜೂನಿಯರ್‌ಗಳು, ಆಂಪ್ಲಿಫೈಯರ್ ಬಾಡಿಗೆ ಕೊಟ್ಟ ಸೌಂಡ್ ಸಿಸ್ಟಮ್ಮಿನವರು. ಡ್ರಮ್ ಸೆಟ್ಟನ್ನು ರಸಮಂಜರಿ ಆರ್ಕೆಸ್ಟ್ರಾದವರಿಂದ ತಂದಿದ್ದರೇ ಎಂದು ಕೇಳಿ. ಹೌದು ಎಂದರೆ ಆ ಆರ್ಕೆಸ್ಟ್ರಾದವರನ್ನೂ ಕಾಣಿ, ಕಾರ್ಯಕ್ರಮದ ದಿನಾಂಕ ಅವರ ಡೈರಿಯಲ್ಲಿ ಇರಬಹುದು. ಕಾಲೇಜ್ ಡೇಗೆ ಮದುವೆ ವಿಡಿಯೋದವರನ್ನು ಕರೆಸಿದ್ದರೇ ಎಂಬುದು ಮರೆಯಬಾರದ ಇನ್ನೊಂದು ಪ್ರಶ್ನೆ. ಆ ವಿಎಚ್‌ಎಸ್ ಟೇಪಿನಲ್ಲಿ ಡ್ಯಾನ್ಸು, ಬಹುಮಾನ ವಿತರಣೆಗಳ ನಡುವೆ ಬ್ಯಾಂಡಿನ ಎರಡು ಹಾಡು ಸಿಕ್ಕೀತು. ಚಿತ್ರ ಹಾಳಾಗಿದ್ದರೂ ಧ್ವನಿ ಚೆನ್ನಾಗಿರುವುದುಂಟು.

2005ರ ಈಚಿನ ಬ್ಯಾಂಡಾದರೆ ಆಗ ಬ್ಯಾಂಡುಗಳು ಹಾಡು ಏರಿಸುತ್ತಿದ್ದ ಜಾಲತಾಣ ಮೈಸ್ಪೇಸಿಗೆ ಹಾಕಿದ್ದರೇ ಎಂದು ವಿಚಾರಿಸಿ. 2003ರಿಂದ 2015ರವರೆಗೆ ಅಲ್ಲಿಗೆ ಏರಿಸಿದ ಹಾಡುಗಳು ಸರ್ವರ್ ಬದಲಿಸುವಾಗ ಹೋದವೆಂದು 2019ರಲ್ಲಿ ಆ ಕಂಪನಿಯೇ ಒಪ್ಪಿಕೊಂಡಿತು. 2008ರಿಂದ 2010ರ ನಡುವಿನ ಸುಮಾರು 4.9 ಲಕ್ಷ ಹಾಡುಗಳ ಒಂದು ಸಂಗ್ರಹ ಮಾತ್ರ ಇಂಟರ್ನೆಟ್ ಆರ್ಕೈವಿನಲ್ಲಿ ಉಳಿದಿದೆ. ಹುಡುಕುವಾಗ ಬ್ಯಾಂಡಿನ ಹೆಸರನ್ನು ನಾಲ್ಕು ಥರದ ಕಾಗುಣಿತದಲ್ಲಿ ಹಾಕಿ. ಊರ ಹೆಸರಿನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಮಧ್ಯದ ‘ಎ’ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ನೋಡಿ.

ಕ್ಯಾಸೆಟ್ಟು ಕೈಗೆ ಬಂದಾಗ

ಮೊಟ್ಟಮೊದಲು ಮೇಲಂಚಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ಮುರಿದ ಮೇಲೆ ರೆಕಾರ್ಡ್ ಬಟನ್ ಒತ್ತಲು ಬರುವುದಿಲ್ಲ. ಅಂಗಡಿಯಲ್ಲಿ ಕೊಂಡ ಸಿನಿಮಾ ಕ್ಯಾಸೆಟ್ಟಿನ ತೂತಿಗೆ ಕಾಗದ ತುರುಕಿಯೋ ಟೇಪು ಅಂಟಿಸಿಯೋ ಅದರ ಮೇಲೆ ಬ್ಯಾಂಡನ್ನು ರೆಕಾರ್ಡ್ ಮಾಡಿರುವುದುಂಟು. ಆ ಕಾಗದ, ಟೇಪು ಕಿತ್ತು ತೂತು ಖಾಲಿ ಬಿಡಿ. ಆಮೇಲೆ ಲೇಬಲ್, ಒಳಗಿನ ಕಾಗದ, ಎರಡೂ ಬದಿಯ ಫೋಟೋ.

ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿ, ಎಳೆ ಎಳೆಯಾಗಿ ಕಂಡರೆ ಬೂಷ್ಟು. ಅಂಥದ್ದನ್ನು ಒಳ್ಳೆಯ ಡೆಕ್ಕಿಗೆ ಹಾಕಲೇಬೇಡಿ, ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ವಾರ ಒಣಗಲು ಬಿಡಿ, ಮಾಸ್ಕ್ ಹಾಕಿಕೊಂಡು ಹೊರಗಡೆ ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ, ನಷ್ಟವಾದರೂ ಚಿಂತೆಯಿಲ್ಲದ ಹಳೇ ಪ್ಲೇಯರಿನಲ್ಲಿ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ. ಬಿಸಿಲಿಗೆ ಇಟ್ಟು ಒಣಗಿಸುವುದು ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಚಿಪ್ಪೇ ಸೊಟ್ಟಗಾಗುತ್ತದೆ.

ಹೆಡ್ ಕೂರುವ ಜಾಗದಲ್ಲಿ ಒಂದು ತಾಮ್ರ ಬಣ್ಣದ ಸ್ಪ್ರಿಂಗ್, ಅದರ ಮೇಲೆ ಉದ್ದಿನ ಕಾಳಿನಷ್ಟು ಸಣ್ಣ ಉಣ್ಣೆಯ ಪ್ಯಾಡ್ ಇರಬೇಕು. ಹಳೇ ಕ್ಯಾಸೆಟ್ಟುಗಳಲ್ಲಿ ಅಂಟು ಒಣಗಿ ಪ್ಯಾಡ್ ಬಿದ್ದಿರುತ್ತದೆ. ಆಗ ಧ್ವನಿ ಮಂಕಾಗಿ, ಬಂದು ಹೋಗಿ ಮಾಡುತ್ತದೆ. ‘ಟೇಪು ಸತ್ತಿದೆ’ ಎಂದು ಬದಿಗಿಟ್ಟವುಗಳಲ್ಲಿ ಎಷ್ಟೋ ಹೀಗೆ ಪ್ಯಾಡ್ ಬಿದ್ದವೇ. ಐದು ಸ್ಕ್ರೂ ಇರುವ ಒಳ್ಳೆಯ ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ವರ್ಗಾಯಿಸಿ. ಬಿಚ್ಚುವಾಗ ಚಪ್ಪಟೆಯಾಗಿ ಮೇಜಿನ ಮೇಲಿಟ್ಟು, ಮೇಲಿನ ಅರ್ಧ ಎತ್ತಿದ ಕೂಡಲೇ ಫೋಟೋ ತೆಗೆಯಿರಿ. ಎರಡು ಜಾರುಹಾಳೆ, ಎರಡು ಮೂಲೆಯ ರೋಲರ್, ಅವುಗಳ ಪಿನ್ನು ಎಲ್ಲಿದ್ದವೆಂದು ಆಮೇಲೆ ನೆನಪಾಗುವುದಿಲ್ಲ. ಸ್ಕ್ರೂ ಇಲ್ಲದೆ ಅಂಟಿಸಿದ ಚಿಪ್ಪಾದರೆ ಕೂಡಿದ ಅಂಚಿಗೆ ತೆಳು ಬ್ಲೇಡ್ ಇಟ್ಟು, ಟೇಪಿನ ಸುರುಳಿಯಿಂದ ದೂರದ ಮೂಲೆಯಿಂದ ಶುರು ಮಾಡಿ ಬಿಡಿಸಬೇಕು.

ತುಂಡಾದ ಟೇಪನ್ನು ಸೆಲ್ಲೋಟೇಪಿನಲ್ಲಿ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಅದರ ಅಂಟು ಸೆಕೆಗೆ ಸೋರಿ ಪಕ್ಕದ ಸುತ್ತಿಗೂ ಹತ್ತಿಕೊಳ್ಳುತ್ತದೆ. ಕ್ಯಾಸೆಟ್ ಸ್ಪ್ಲೈಸಿಂಗ್ ಟೇಪು ಆನ್‌ಲೈನಿನಲ್ಲಿ ಸಿಗುತ್ತದೆ. ಟೇಪಿನ ಅಗಲ 3.81 ಮಿ.ಮೀ., ಸ್ಪ್ಲೈಸ್ ಅದಕ್ಕಿಂತ ಹೊರಗೆ ಚಾಚಬಾರದು. ಹೆಡ್ಡಿಗೆ ಮುಖ ಮಾಡುವ ಬದಿಗೆ ಅಂಟಿಸಬೇಡಿ, ಹಿಂಬದಿಗೆ ಅಂಟಿಸಿ.

ಡೆಕ್ಕಿನ ಕೆಲಸ

ಯುಎಸ್‌ಬಿ ಬಾಲ ಇರುವ ಅಗ್ಗದ ವಾಕ್‌ಮನ್‌ಗಳನ್ನು ಕೊಳ್ಳಬೇಡಿ, ಅವುಗಳ ವೇಗ ತೂಗಾಡುತ್ತದೆ. ಹಳೆಯ ಹೋಮ್ ಡೆಕ್ ಸಿಕ್ಕರೆ ಮೊದಲು ಬೆಲ್ಟ್ ನೋಡಿ. ರಬ್ಬರು ಕರಗಿ ಜಿಗುಟಾಗಿದ್ದರೆ ಪೂರ್ತಿ ಒರೆಸಿ ಹೊಸದು ಹಾಕಿಸಬೇಕು. ಊರಿನ ರೇಡಿಯೋ ರಿಪೇರಿಯವರಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸಬಹುದು. ಹೆಡ್ ಮತ್ತು ಟೇಪನ್ನು ಎಳೆಯುವ ಸಣ್ಣ ಕಂಬಿಯಾದ ಕ್ಯಾಪ್‌ಸ್ಟನ್ನನ್ನು ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವವರೆಗೆ. ಈ ಸೇವೆ ಪ್ರತಿ ಕ್ಯಾಸೆಟ್ಟಿಗೂ ಆಗಬೇಕು.

ಲೈನ್ ಔಟ್‌ನಿಂದ ಆಡಿಯೋ ಇಂಟರ್ಫೇಸಿಗೆ (ಧ್ವನಿಯನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ), ಅಲ್ಲಿಂದ ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಕೊಡಬೇಡಿ. ಅದು ಸಾಮಾನ್ಯವಾಗಿ ಮೋನೋ, ಜೊತೆಗೆ ಒರಟಾಗಿ ಒಡೆಯುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 48 ಕಿಲೋಹರ್ಟ್ಝ್, 24 ಬಿಟ್, ಸ್ಟೀರಿಯೋ ಇಟ್ಟು, ಅತಿ ಜೋರಿನ ಜಾಗ -6 ಡಿಬಿ ದಾಟದಂತೆ ನೋಡಿಕೊಳ್ಳಿ. ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಬಟನ್ನನ್ನು ಲೇಬಲ್ಲಿನಲ್ಲಿ ಡಾಲ್ಬಿ ಎಂದು ಬರೆದಿದ್ದರೆ ಮಾತ್ರ ಹಾಕಿ, ಇಲ್ಲವಾದರೆ ಆಫ್. ನಿಮಿಷಕ್ಕೆ ಸುಮಾರು 17 ಎಂಬಿ, ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಜಿಬಿ ಬೇಕು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ಚಾರ್ಜರ್ ಸಿಕ್ಕಿಸಿದರೆ ಗುಂಯ್‌ಗುಡುವುದು ಸೇರಿಕೊಳ್ಳುತ್ತದೆ. ಕರೆಂಟ್ ಹೋಗುವ ಹೊತ್ತು ತಪ್ಪಿಸಿ ಕೂರಿ. ನಡುವೆ ಕರೆಂಟ್ ಹೋದರೆ ಡೆಕ್ಕು ಟೇಪನ್ನು ಹೆಡ್ಡಿಗೂ ರೋಲರಿಗೂ ಸಿಕ್ಕಿಸಿಕೊಂಡೇ ನಿಲ್ಲುತ್ತದೆ, ಬಲವಂತವಾಗಿ ಎಳೆದರೆ ಸುಕ್ಕು.

ಈಗ ಅಝಿಮತ್, ಅಂದರೆ ಟೇಪಿಗೆ ಹೆಡ್ ಕೂರುವ ಕೋನ. ಇಡೀ ಕೆಲಸದಲ್ಲಿ ಅತಿ ದೊಡ್ಡ ವ್ಯತ್ಯಾಸ ತರುವುದು ಇದೇ. ರೆಕಾರ್ಡ್ ಮಾಡಿದ ಟೂ-ಇನ್-ಒನ್ನಿನ ಹೆಡ್ ಕೂದಲೆಳೆಯಷ್ಟು ಓರೆಯಾಗಿದ್ದಿರಬಹುದು, ನಿಮ್ಮ ಡೆಕ್ಕಿನದು ನೆಟ್ಟಗಿರಬಹುದು. ಆಗ ಸಿಂಬಲ್, ಹಾಡಿನ ‘ಸ’ಕಾರ ಎಲ್ಲ ಮುಚ್ಚಿಹೋಗಿ ಕಂಬಳಿ ಹೊದ್ದಂತೆ ಕೇಳುತ್ತದೆ. ಪ್ಲೇ ಒತ್ತಿದಾಗ ಹೆಡ್ಡಿನ ಒಂದು ಬದಿಗೆ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಕಾಣುತ್ತದೆ. ಮೊದಲು ಅದರ ಈಗಿನ ಸ್ಥಾನಕ್ಕೆ ಮಾರ್ಕರಿನಿಂದ ಗೆರೆ ಹಾಕಿ. ಎರಡು ಚಾನೆಲ್ ಕೂಡಿಸಿ ಮೋನೋದಲ್ಲಿ ಹೆಡ್‌ಫೋನ್ ಹಾಕಿ ಕೇಳುತ್ತಾ, ಕಾಂತಗುಣ ಇಲ್ಲದ ಸ್ಕ್ರೂಡ್ರೈವರಿನಲ್ಲಿ ತೀರಾ ನಿಧಾನವಾಗಿ ಆಚೆ ಈಚೆ ತಿರುಗಿಸಿ, ಕಾಲು ಸುತ್ತಿಗಿಂತ ಹೆಚ್ಚು ಬೇಡ. ಹೈ-ಹ್ಯಾಟ್ ಅತಿ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಸ್ಟೀರಿಯೋದಲ್ಲಿ ಕೇಳಿದರೆ ಈ ಬಿಂದು ಗೊತ್ತಾಗುವುದೇ ಇಲ್ಲ, ಮೋನೋದಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ಬದಿ ತಿರುಗಿಸಿದಾಗ ಮತ್ತೆ ಹೊಂದಿಸಬೇಕು. ಎಲ್ಲ ಮುಗಿದ ಮೇಲೆ ಸ್ಕ್ರೂ ನಿಮ್ಮ ಗೆರೆಗೆ ವಾಪಸ್.

ಬದಿಯ ಕೊನೆಯವರೆಗೆ ಓಡಲಿ. ಬ್ಯಾಂಡಿನ ಹಾಡು ಮುಗಿದು ಮೌನ ಬಂದಿತೆಂದು ನಿಲ್ಲಿಸಬೇಡಿ. ಹತ್ತು ನಿಮಿಷ ಆದ ಮೇಲೆ ಅಡಿಯಲ್ಲಿದ್ದ ಸಿನಿಮಾ ಹಾಡು ಥಟ್ಟನೆ ಶುರುವಾಗಬಹುದು. ಆ ಸಿನಿಮಾದ ಹಾಡುಗಳ ಕ್ಯಾಸೆಟ್ಟು ಬಿಡುಗಡೆಯಾದ ವರ್ಷಕ್ಕಿಂತ ಹಿಂದೆ ಈ ರೆಕಾರ್ಡಿಂಗ್ ಆಗಿರಲಾರದು. ಲೇಬಲ್ ಇಲ್ಲದ ಕ್ಯಾಸೆಟ್ಟಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಅಪರೂಪ.

ವೇಗ ಸರಿಯಿದೆಯೇ

ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಟೂ-ಇನ್-ಒನ್‌ಗಳು ಹಾಗೆ ಓಡುತ್ತಿದ್ದವೆಂಬ ಖಾತ್ರಿ ಇಲ್ಲ. ಸೆಲ್ಲು ಸೋತ ರೆಕಾರ್ಡರಿನಲ್ಲಿ ಮಾಡಿದ ಟೇಪು ಒಳ್ಳೆಯ ಡೆಕ್ಕಿನಲ್ಲಿ ಹೋಗ್ತಾ ಹೋಗ್ತಾ ವೇಗವಾಗುತ್ತದೆ, ಕೊನೆಯ ಹಾಡಿಗೆ ಗಾಯಕರ ಧ್ವನಿ ಕೀರಲು.

ಇದನ್ನು ಅಳೆಯಲು ಗಿಟಾರ್ ಆಂಪಿನ ಗುಂಯ್ ಸದ್ದೇ ಸಾಕು. ನಮ್ಮ ಕರೆಂಟು 50 ಹರ್ಟ್ಝ್, ಹಾಗಾಗಿ ಟೇಪಿನೊಳಗಿನ ಗುಂಯ್ 50, 100, 150ರಲ್ಲಿ ಇರಬೇಕು. ಎರಡು ಹಾಡಿನ ನಡುವೆ ಬರೀ ಆಂಪ್ ಸದ್ದಿರುವ ಎರಡು ಮೂರು ಸೆಕೆಂಡ್ ಆರಿಸಿ, ಆಡಾಸಿಟಿಯ ಸ್ಪೆಕ್ಟ್ರಮ್ ಪ್ಲಾಟಿನಲ್ಲಿ ಸೈಜ್ 65536 ಇಟ್ಟು 150ರ ಆಸುಪಾಸಿನ ಶಿಖರ ನೋಡಿ. 50ರ ಬಳಿ ನೋಡುವುದಕ್ಕಿಂತ ಇಲ್ಲಿ ಮೂರು ಪಟ್ಟು ನಿಖರ. ಅದು 156ರಲ್ಲಿದ್ದರೆ ಟೇಪು ಶೇ. 4ರಷ್ಟು ವೇಗವಾಗಿ ಓಡುತ್ತಿದೆ. 150ನ್ನು 156ರಿಂದ ಭಾಗಿಸಿದರೆ 0.9615, ಅಂದರೆ ವೇಗವನ್ನು ಶೇ. 3.85 ಇಳಿಸಬೇಕು. ನಿಮ್ಮ ಮನೆಯ ಕರೆಂಟಿನ ಗುಂಯ್ ಕೂಡ ಸೇರಿರಬಹುದು, ಅದು ಸರಿಯಾಗಿ 150ರ ಬಳಿಯೇ ನಿಲ್ಲುತ್ತದೆ. ಕ್ಯಾಸೆಟ್ ಓಡಿಸದೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ನೋಡಿದರೆ ಯಾವುದು ನಿಮ್ಮದು ಎಂದು ತಿಳಿಯುತ್ತದೆ.

ಒಂದು ಎಚ್ಚರಿಕೆ. ತೊಂಬತ್ತರ ದಶಕದಲ್ಲಿ ದಕ್ಷಿಣದ ವಿದ್ಯುತ್ ಜಾಲದ ಫ್ರೀಕ್ವೆನ್ಸಿ 50ರ ಕೆಳಗೆ ಆಗಾಗ ಇಳಿಯುತ್ತಿತ್ತು, ಜನರೇಟರ್ ಇಟ್ಟ ಕಾರ್ಯಕ್ರಮದಲ್ಲಂತೂ ಈ ಲೆಕ್ಕವನ್ನು ನಂಬುವಂತಿಲ್ಲ. ಕೀಬೋರ್ಡ್ ಇದ್ದರೆ ಅದರ ಸ್ವರಕ್ಕೆ ಹೋಲಿಸಿ. ಸಾಮಾನ್ಯ ಎಲೆಕ್ಟ್ರಾನಿಕ್ ಕೀಬೋರ್ಡ್ ಟ್ಯೂನಿಂಗ್ ಮುಟ್ಟದಿದ್ದರೆ ಅದರ ‘ಎ’ ಸ್ವರ 440 ಹರ್ಟ್ಝ್‌ಗೇ ನಿಲ್ಲುತ್ತದೆ. ಗಿಟಾರನ್ನು ಮಾತ್ರ ಪ್ರಮಾಣವಾಗಿ ಹಿಡಿಯಬೇಡಿ, ಮೆಟಲ್ ಬ್ಯಾಂಡುಗಳು ಅರ್ಧ ಸ್ವರ ಇಳಿಸಿ ಶ್ರುತಿ ಮಾಡುವುದು ರೂಢಿ. ಅರ್ಧ ಸ್ವರ ಎಂದರೆ ಸುಮಾರು ಶೇ. 6. ಇಳಿಸಿದ ಶ್ರುತಿಯನ್ನು ನಿಧಾನದ ಟೇಪು ಎಂದುಕೊಂಡು ‘ಸರಿಪಡಿಸಿದರೆ’ ಬ್ಯಾಂಡಿನ ಸದ್ದನ್ನೇ ಕೆಡಿಸಿದಂತೆ. ಎಷ್ಟು ಶೇಕಡಾ ಬದಲಿಸಿದಿರಿ, ಯಾವ ಆಧಾರದ ಮೇಲೆ ಎಂದು ಪುಟದಲ್ಲಿ ಬರೆಯಿರಿ. ಮೂಲ ಫೈಲನ್ನು ಮುಟ್ಟಬೇಡಿ, ಬದಲಾವಣೆ ಎಲ್ಲ ಕಾಪಿಯ ಮೇಲೆ.

ಕೆಲವು ಟೇಪು ಹಾಕಿದಾಗ ಒಂದು ಬದಿಯಲ್ಲಿ ಹಾಡಿನ ಕೆಲವು ವಾದ್ಯಗಳಷ್ಟೇ ಮುಂದಕ್ಕೆ, ಇನ್ನೊಂದು ಬದಿಯಲ್ಲಿ ಉಳಿದವು ಹಿಂದಕ್ಕೆ, ಅದೂ ಅರ್ಧ ವೇಗದಲ್ಲಿ ಕೇಳಬಹುದು. ಟೇಪು ಕೆಟ್ಟಿಲ್ಲ, ಅದು ನಾಲ್ಕು ಟ್ರ್ಯಾಕಿನ ಪೋರ್ಟಾ ಸ್ಟುಡಿಯೋ (ವಾದ್ಯಗಳನ್ನು ಬೇರೆ ಬೇರೆ ತುಂಬಿಸುವ ಕ್ಯಾಸೆಟ್ ರೆಕಾರ್ಡರ್) ಟೇಪು. ಆ ಯಂತ್ರ ನಾಲ್ಕೂ ಟ್ರ್ಯಾಕನ್ನು ಒಂದೇ ದಿಕ್ಕಿಗೆ, ಹಲವು ಮಾಡೆಲ್ಲುಗಳಲ್ಲಿ ಇಮ್ಮಡಿ ವೇಗದಲ್ಲಿ ಬಳಸುತ್ತದೆ. ಎರಡೂ ಬದಿಯನ್ನು ಸಾಮಾನ್ಯ ಡೆಕ್ಕಿನಲ್ಲಿ ಇಳಿಸಿಕೊಂಡು, ಬಿ ಬದಿಯನ್ನು ರಿವರ್ಸ್ ಮಾಡಿ, ವೇಗ ಇಮ್ಮಡಿಸಿ, ನಾಲ್ಕನ್ನೂ ಕಂಪ್ಯೂಟರಿನಲ್ಲಿ ಹೊಂದಿಸಬಹುದು. ಎರಡು ಬದಿ ಬೇರೆ ಬೇರೆ ಹೊತ್ತಿನಲ್ಲಿ ಓಡಿರುವುದರಿಂದ ಅರ್ಧ ನಿಮಿಷಕ್ಕೊಮ್ಮೆ ತಾಳ ಜಾರುತ್ತದೆ, ಡ್ರಮ್ಮಿನ ಹೊಡೆತ ನೋಡಿ ನೋಡಿ ಕೂಡಿಸಬೇಕು. ಬೇಸರದ ಕೆಲಸ ನಿಜ, ಆದರೆ ಮಿಕ್ಸ್ ಆಗದ ಗಾಯನ ಒಂಟಿಯಾಗಿ ಸಿಗುವುದು ಇಲ್ಲಿ ಮಾತ್ರ.

ಶಬ್ದ ಶುದ್ಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇಳುವ ಕಾಪಿಯಲ್ಲಿ 50, 100, 150ರ ಗುಂಯ್ ಸ್ವಲ್ಪ ತೆಗೆದರೆ ಸಾಕು. ನಾಯ್ಸ್ ರಿಡಕ್ಷನ್ ಜೋರಾಗಿ ಹಾಕಿದರೆ ಸಿಂಬಲ್ ನೀರಿನಲ್ಲಿ ಮುಳುಗುತ್ತದೆ. ಡ್ರಮ್ ಹೊಡೆದಾಗಲೆಲ್ಲ ಉಳಿದ ವಾದ್ಯ ಕುಗ್ಗುತ್ತಿದ್ದರೆ ಅದು ರೆಕಾರ್ಡರಿನ ಸ್ವಯಂಚಾಲಿತ ಲೆವೆಲ್ ಕಂಟ್ರೋಲ್ ಮಾಡಿದ್ದು. ಈಗ ಸರಿಹೋಗುವುದಿಲ್ಲ, ಹಾಗೇ ಬಿಡಿ.

ಸಿಡಿ, ಫೋನ್

ಬರೆದ ಸಿಡಿಗಳು ಎಷ್ಟೋ ಸಲ ಟೇಪಿಗಿಂತ ಮೊದಲೇ ಸಾಯುತ್ತವೆ. ಅಂಟಿಸಿದ ಕಾಗದದ ಲೇಬಲನ್ನು ಕೀಳಬೇಡಿ, ಅದರ ಜೊತೆ ದತ್ತಾಂಶದ ಪದರವೇ ಎದ್ದುಬರುತ್ತದೆ. ಆಡಿಯೋ ಸಿಡಿಗೆ ಎಕ್ಸಾಕ್ಟ್ ಆಡಿಯೋ ಕಾಪಿ, ಎಂಪಿ3 ತುಂಬಿದ ಸಿಡಿಗೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ. ಒಂದು ಡ್ರೈವ್ ಓದದಿದ್ದರೆ ಬೇರೆ ಕಂಪನಿಯ ಡ್ರೈವಿನಲ್ಲಿ ಹಾಕಿ. ಹಳೇ ನೋಕಿಯಾ ಫೋನಿನ ಎಎಂಆರ್ ಫೈಲುಗಳನ್ನು ಎಫ್‌ಎಫ್‌ಎಂಪೆಗ್‌ನಲ್ಲಿ ವೇವ್ ಮಾಡಿಕೊಂಡರೂ ಮೂಲ ಫೈಲ್ ಇಟ್ಟುಕೊಳ್ಳಿ. ಅದರ ದಿನಾಂಕ 1980ರ ಜನವರಿ 1 ಎಂದು ತೋರಿಸಿದರೆ ಫೋನಿನ ಗಡಿಯಾರ ಹೊಂದಿಸಿರಲಿಲ್ಲ ಎಂದಷ್ಟೇ ಅರ್ಥ.

ಕೇಳಿಸಿ ಕೇಳುವುದು

ಇಳಿಸಿದ್ದನ್ನು ಬ್ಯಾಂಡಿನವರಿಗೆ ಕೇಳಿಸುವ ದಿನ ಇನ್ನೊಂದು ಫೋನಿನಲ್ಲಿ ಅವರ ಮಾತು ರೆಕಾರ್ಡ್ ಆಗುತ್ತಿರಲಿ, ಮೊದಲೇ ಹೇಳಿಯೇ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ. ಒಟ್ಟಿಗೆ ಕೂತರೆ ಜೋರು ಮಾತಿನವರ ನೆನಪೇ ಎಲ್ಲರ ನೆನಪಾಗುತ್ತದೆ. ಹಾಡು ನಿಲ್ಲಿಸದೆ ಓಡಿಸಿ, ಅವರು ಬಾಯಿಬಿಟ್ಟ ಕ್ಷಣದ ನಿಮಿಷ-ಸೆಕೆಂಡ್ ಬರೆದುಕೊಳ್ಳಿ: ‘4:12, ಇಲ್ಲಿ ತಂತಿ ಹರಿಯಿತು’. ಪದಗಳು ಕೇಳಿಸದ ಕಡೆ ಊಹಿಸಿ ತುಂಬಬೇಡಿ, ಚುಕ್ಕಿ ಇಡಿ. ಹಳೇ ನೋಟ್‌ಬುಕ್ಕಿನಲ್ಲಿ ಸಾಹಿತ್ಯ ಬರೆದಿದ್ದರೆ ಪುಟದ ಫೋಟೋ ತೆಗೆಯಿರಿ, ಹೊಡೆದುಹಾಕಿದ ಸಾಲುಗಳೂ ಕಾಣಬೇಕು.

ಟೇಪೇ ಇಲ್ಲದ ಹಾಡನ್ನು ನೆನಪಿನಿಂದ ಹಾಡಿಸಿ. ಇಬ್ಬರಿಂದಲಾದರೂ, ಒಬ್ಬರದು ಇನ್ನೊಬ್ಬರು ಕೇಳುವ ಮುಂಚೆ. ಇಬ್ಬರ ರಾಗ ಕೂಡಿದ ಭಾಗ ಬಹುಮಟ್ಟಿಗೆ ಮೂಲದ್ದೇ. ಫೈಲಿನ ಹೆಸರಿನಲ್ಲೇ ‘ನೆನಪಿನಿಂದ’ ಎಂದು ಹಾಡಿದ ಇಸವಿಯ ಜೊತೆ ಹಾಕಿ, ಹಳೇ ರೆಕಾರ್ಡಿಂಗಿನ ಜೊತೆ ಒಂದೇ ಫೋಲ್ಡರಿನಲ್ಲಿ ಬೆರೆಸಬೇಡಿ.

ಇಡುವುದು, ಹಂಚುವುದು

ಮೂರು ಕಾಪಿ: ಒಂದು ನಿಮ್ಮ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನವರ ಹತ್ತಿರ, ಒಂದು ಆನ್‌ಲೈನಿನಲ್ಲಿ. ನೋಟ್‌ಬುಕ್ಕಿನ ಪುಟವನ್ನೂ ಟೈಪ್ ಮಾಡಿ ಧ್ವನಿ ಇರುವ ಫೋಲ್ಡರಿನಲ್ಲೇ ಇಡಿ. ಕ್ಯಾಸೆಟ್ಟನ್ನು ಕೊನೆಯವರೆಗೆ ಸುತ್ತಿ, ನೆಟ್ಟಗೆ ನಿಲ್ಲಿಸಿ, ಸ್ಪೀಕರಿನಿಂದ ದೂರ ಇಟ್ಟು ಯಾರದ್ದೋ ಅವರಿಗೆ ವಾಪಸ್ ಕೊಡಿ. ಶೀಟಿನ ಛಾವಣಿಯ ಅಡಿ ಅಟ್ಟದ ಮೇಲೆ ಇಡಬೇಡಿ ಎಂದು ಹೇಳಿಯೇ ಕೊಡಿ.

ಪ್ರಕಟಿಸುವುದು ಬೇರೆ ಮಾತು. ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ, ಹಾಡಿದವರ, ಬಾರಿಸಿದವರ ಹಕ್ಕು 50 ವರ್ಷ ಇರುತ್ತದೆ. ಆದ್ದರಿಂದ ಇವು ಯಾವುವೂ ಅನಾಥ ಆಸ್ತಿಯಲ್ಲ. ಬೇರೆಯವರ ಹಾಡು ನುಡಿಸಿದ್ದರೆ ಅದರ ಮೂಲ ಹಕ್ಕು ಇನ್ನೂ ಬೇರೆ. ಬ್ಯಾಂಡಿನ ಪ್ರತಿಯೊಬ್ಬರಿಂದ ಲಿಖಿತವಾಗಿ, ವಾಟ್ಸಾಪ್ ಸಂದೇಶವಾದರೂ ಸರಿ, ಮೂರರಲ್ಲಿ ಒಂದು ಆರಿಸಲು ಹೇಳಿ: ಎಲ್ಲರಿಗೂ ಕೇಳಿಸಬಹುದು, ಕೇಳಿಸಬಹುದು ಆದರೆ ನನ್ನ ಹೆಸರು ಬೇಡ, ಸದ್ಯಕ್ಕೆ ಇಟ್ಟುಕೊಂಡಿರಿ ಅಷ್ಟೆ. ಇವತ್ತು ಅವರಲ್ಲಿ ಡಾಕ್ಟರಿದ್ದಾರು, ಸರ್ಕಾರಿ ಕೆಲಸದಲ್ಲಿದ್ದಾರು. ಹತ್ತೊಂಬತ್ತರ ವಯಸ್ಸಿನಲ್ಲಿ ಕಿರುಚಿದ ಸಾಲು ಹೊರಗೆ ಬರುವುದು ಬೇಡ ಎಂದರೆ ಅದಕ್ಕೆ ಬೆಲೆ ಕೊಡಬೇಕು. ಒಬ್ಬರು ಮೂರನೆಯದನ್ನು ಆರಿಸಿದರೆ ಇಡೀ ರೆಕಾರ್ಡಿಂಗಿಗೆ ಅದೇ ಅನ್ವಯ. ಆಗಲೂ ಪಟ್ಟಿಯ ಪುಟ ತೆಗೆಯಬೇಡಿ. ಹೆಸರುಗಳ ಜಾಗದಲ್ಲಿ ವಾದ್ಯಗಳನ್ನಷ್ಟೇ ಉಳಿಸಿ, ಅನುಮತಿಯನ್ನು ಮತ್ತೆ ಕೇಳಬೇಕಾದ ವರ್ಷವನ್ನು ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ.